ಸೊಂಟದಿಂದ ತಟ್ಟೆಗೆ ಬಂದ ಹಮ್ಮಿಣಿ

ಹಮ್ಮಿಣಿ ಎಂದರೆ ದುಡ್ಡಿನ ಚೀಲ. ಇಷ್ಟು ಹೇಳಿದರೆ ನಿಘಂಟಿನ ಕೆಲಸ ಮುಗಿಯಿತು. ಆದರೆ ನಾನು ಆ ಮಾತನ್ನು ಮೊದಲು ಕಂಡಿದ್ದು ನಿಘಂಟಿನಲ್ಲಲ್ಲ, ನನ್ನ ತಾತನ ಹೊಟ್ಟೆಯ ಮೇಲೆ.

ತಾತನದು ಹಿರಿಯೂರಿನಲ್ಲಿ ಕೊಬ್ಬರಿ ವ್ಯಾಪಾರ. ಹೊಸದುರ್ಗದ ಕಡೆ ಸಂತೆಗೆ ಹೊರಟರೆ ಅಂಗಿ ತೊಡುವುದಕ್ಕೆ ಮುಂಚೆ ಹಮ್ಮಿಣಿ ಕಟ್ಟುತ್ತಿದ್ದರು. ಹತ್ತಿ ಹುರಿಯಲ್ಲಿ ಹೆಣೆದ ಉದ್ದನೆಯ ಕೊಳವೆ ಅದು. ಒಂದು ತುದಿ ಮುಚ್ಚಿರುತ್ತಿತ್ತು, ಇನ್ನೊಂದು ತುದಿಗೆ ದಾರ. ನೋಟನ್ನು ಸುರುಳಿ ಸುತ್ತಿ, ನಾಣ್ಯವನ್ನು ಒಂದರ ಹಿಂದೆ ಒಂದು ತಳ್ಳಿ, ಬಾಯಿ ಬಿಗಿದು ಸೊಂಟಕ್ಕೆ ಎರಡು ಸುತ್ತು ಬಿಗಿಯುತ್ತಿದ್ದರು. ಆಗ ತಾನೇ ಊಟ ಮುಗಿಸಿದ ಹಾವಿನ ಹಾಗೆ ಅದು ಅಲ್ಲಲ್ಲಿ ಉಬ್ಬಿಕೊಂಡಿರುತ್ತಿತ್ತು. ಸಂತೆಯಿಂದ ಬಂದು ಬಿಚ್ಚಿದ ಮೇಲೂ ಚರ್ಮದ ಮೇಲೆ ಹೆಣಿಗೆಯ ಅಚ್ಚು ಹಾಗೇ ಉಳಿದಿರುತ್ತಿತ್ತು. ನಾನು ಬೆರಳಿನಿಂದ ಆ ಅಚ್ಚನ್ನು ಸವರಿದರೆ ತಾತನಿಗೆ ಕಚಗುಳಿ.

ಅದೇ ಹಮ್ಮಿಣಿ ಚಿತ್ರದುರ್ಗದ ನಮ್ಮ ಕಾನ್ವೆಂಟಿನ ಆಫೀಸಿಗೂ ಬಂತು. ಬೋರ್ಡಿಂಗಿಗೆ ನನ್ನನ್ನು ಸೇರಿಸುವ ದಿನ. ಫೀಸು ತೆಗೆದುಕೊಳ್ಳುವ ಸಿಸ್ಟರ್ ಮೇಜಿನ ಹಿಂದೆ ಕೂತಿದ್ದರು. ತಾತ ‘ಒಂದು ನಿಮಿಷ ಅಮ್ಮಾರೇ’ ಎಂದು ಗೋಡೆಯ ಕಡೆ ತಿರುಗಿ ಅಂಗಿ ಮೇಲೆತ್ತಿದರು. ಸಿಸ್ಟರ್ ಗಡಬಡಿಸಿ ಕಿಟಕಿಯ ಕಡೆ ತಿರುಗಿದರು. ಎರಡು ಬೆನ್ನುಗಳ ನಡುವೆ ನಾನು ಹೊಸ ಶೂ ಹಾಕಿಕೊಂಡು ನಿಂತಿದ್ದೆ. ಮೈ ಬಿಸಿಗೆ ಒದ್ದೆಯಾಗಿದ್ದ ನೋಟುಗಳನ್ನು ಸಿಸ್ಟರ್ ಎರಡೇ ಬೆರಳಿನಲ್ಲಿ ಹಿಡಿದು ಡ್ರಾಯರಿಗೆ ಹಾಕಿ ‘ಥ್ಯಾಂಕ್ ಯೂ’ ಎಂದರು. ನನಗೆ ಅಂದು ತುಂಬ ನಾಚಿಕೆಯಾಯಿತು. ಐ ಮಸ್ಟ್ ಸೇ, ಆ ನಾಚಿಕೆಯೇ ನಾನು ಕಾನ್ವೆಂಟಿನಲ್ಲಿ ಕಲಿತ ಮೊದಲ ಲೆಸನ್.

ಆ ಸಿಸ್ಟರನ್ನು ನಾವು ಬರ್ಸರ್ ಎನ್ನುತ್ತಿದ್ದೆವು. ಬರ್ಸರ್ ಮತ್ತು ಪರ್ಸ್ ಒಂದೇ ಬೇರಿನ ಮಾತುಗಳು ಎಂದು ನನಗೆ ತಿಳಿದದ್ದು ಇಂಗ್ಲಿಷ್ ಟೀಚರ್ ಆದ ಮೇಲೆ. ಮೂಲದಲ್ಲಿ ಅದಕ್ಕೆ ಅರ್ಥ ಚಕ್ಕಳ, ಸುಲಿದ ಚರ್ಮ. ಗ್ರೀಕರಿಂದ ಲ್ಯಾಟಿನ್, ಅಲ್ಲಿಂದ ಇಂಗ್ಲಿಷ್, ಅಲ್ಲಿಂದ ನಮ್ಮ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ‘ಪರ್ಸು ಹುಷಾರು ಕಣಮ್ಮೋ’. ಜೇಬು ಅರಬ್ಬೀ ಕಡೆಯದು. ಮೊದಲು ಅದಕ್ಕೆ ಅಂಗಿಯ ಎದೆಯ ಸೀಳು ಎಂಬ ಅರ್ಥವಿತ್ತಂತೆ. ಹಮ್ಮಿಣಿಯೂ ಅರಬ್ಬೀ ಫಾರ್ಸಿ ದಾರಿಯಲ್ಲೇ ಬಂದದ್ದು. ಅಲ್ಲಿ ಹಮಿಯಾನ್, ಸೊಂಟಕ್ಕೆ ಕಟ್ಟುವ ಚೀಲ. ದಾರಿಯಲ್ಲಿ ಕಳ್ಳರ ಭಯವಿದ್ದವರ ಮಾತು ಅದು, ದೂರ ನಡೆಯುವವರದು, ಕುದುರೆ ಏರಿದವರದು. ಚರ್ಮ, ಎದೆ, ಸೊಂಟ. ದುಡ್ಡಿನ ಚೀಲದ ಮಾತುಗಳೆಲ್ಲ ಮೈಗೆ ಅಂಟಿಕೊಂಡೇ ಹುಟ್ಟಿದವು. ತನ್ನದು ಎನ್ನುವುದನ್ನು ಮನುಷ್ಯ ಮೈಯಿಂದ ಎಷ್ಟು ದೂರ ಇಡಬಲ್ಲ?

ನಮ್ಮ ಕಾಲದಲ್ಲಿ ಹಮ್ಮಿಣಿ ಸೊಂಟದಿಂದ ಇಳಿದು ತಟ್ಟೆಗೆ ಬಂತು. ಈಗ ಅದು ಇರುವುದು ಇನ್ವಿಟೇಶನ್ ಕಾರ್ಡಿನಲ್ಲಿ ಮಾತ್ರ. ಶಾಲು, ಹಾರ, ಫಲತಾಂಬೂಲ, ಕೊನೆಗೆ ‘ಹಮ್ಮಿಣಿ ಸಮರ್ಪಣೆ’. ಹೊಸದುರ್ಗದ ಒಂದು ಪ್ರೈವೇಟ್ ಶಾಲೆಯಲ್ಲಿ ನಾನು ಜೀವಮಾನವಿಡೀ ಇಂಗ್ಲಿಷ್ ಹೇಳಿಕೊಟ್ಟೆ. ಎಷ್ಟು ಹಮ್ಮಿಣಿಗಳು ಸ್ಟೇಜಿನ ಮೇಲೆ ಬಂದು ಹೋದದ್ದನ್ನು ಕಂಡಿದ್ದೇನೋ ಲೆಕ್ಕವಿಲ್ಲ. ಎಲ್ಲದಕ್ಕೂ ಒಂದೇ ವಿಧಿ. ಸನ್ಮಾನಿತರು ಚೀಲವನ್ನು ಕೈಗೆ ತೆಗೆದುಕೊಳ್ಳಬೇಕು, ಹಣೆಗೆ ಮುಟ್ಟಿಸಬೇಕು, ಮೈಕಿನ ಮುಂದೆ ನಿಂತು ‘ಇದಕ್ಕೆ ನನ್ನದೂ ಸ್ವಲ್ಪ ಸೇರಿಸಿ ಸಂಸ್ಥೆಗೇ ಒಪ್ಪಿಸುತ್ತಿದ್ದೇನೆ’ ಎನ್ನಬೇಕು. ಆಮೇಲೆ ಚಪ್ಪಾಳೆ. ಚೀಲ ಬಂದ ದಾರಿಯಲ್ಲೇ ವಾಪಸ್. ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ಇಟ್ಟುಕೊಳ್ಳಬಾರದು ಎಂದು ಯಾರೂ ಹೇಳಿದ್ದೂ ಇಲ್ಲ. ಅದು ಊಟದ ಎಲೆಯ ತುದಿಗೆ ಬಡಿಸಿದ ಉಪ್ಪಿನಂತೆ, ಬಡಿಸುತ್ತಾರೆ ಅಷ್ಟೇ.

ಈ ಸಲ ಆ ತಟ್ಟೆ ನನ್ನ ಮುಂದೆ ಬರುವುದಿತ್ತು. ನನಗೆ ಹಲ್ಲು ಬೇಕಾಗಿತ್ತು.

ಹಲ್ಲಿನ ವಿಷಯ ಹೇಳಿಬಿಡುತ್ತೇನೆ. ಪ್ರೈವೇಟ್ ಶಾಲೆಗೆ ಪೆನ್ಶನ್ ಇಲ್ಲ. ಮದುವೆಯಾಗದ ನಾನು ಹೊಳಲ್ಕೆರೆಯಲ್ಲಿ ವಿಧವೆ ತಂಗಿಯ ಮನೆಯಲ್ಲಿದ್ದೇನೆ. ಅವಳ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಟ್ಟು ನನ್ನ ಅನ್ನ ನಾನು ದುಡಿಯುತ್ತಿದ್ದೆ. ಹೋದ ಮಳೆಗಾಲದಲ್ಲಿ ಒಸಡು ಕೆಟ್ಟು, ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಬೇಕಾಯಿತು. ಇಂಗ್ಲಿಷಿನಲ್ಲಿ ‘ಪರ್ಸ್ ಯುವರ್ ಲಿಪ್ಸ್’ ಎನ್ನುತ್ತಾರೆ, ದಾರ ಎಳೆದ ಚೀಲದ ಹಾಗೆ ತುಟಿ ಕೂಡಿಸು ಎಂದು. ನನ್ನ ಬಾಯಿ ತಾನಾಗೇ ಹಾಗೆ ಕೂತುಬಿಟ್ಟಿತು. ‘ಥಿಂಕ್’ ಎಂದರೆ ಗಾಳಿ, ‘ಫೈವ್’ ಎಂದರೆ ಗಾಳಿ. ಮಕ್ಕಳು ಮೊದಲು ನಕ್ಕರು, ಆಮೇಲೆ ಬರುವುದನ್ನು ಬಿಟ್ಟರು. ತಪ್ಪು ಅವರದ್ದಲ್ಲ. ಬಾಯಿ ನೋಡಿ ಕಲಿಯಬೇಕಾದ ವಿದ್ಯೆ ಅದು, ನನ್ನ ಹತ್ತಿರ ತೋರಿಸುವುದಕ್ಕೆ ಬಾಯಿ ಇರಲಿಲ್ಲ.

ಕೊನೆಗೆ ಉಳಿದದ್ದು ಪಕ್ಕದ ಬೀದಿಯ ಅಕ್ಕ-ತಮ್ಮ ಇಬ್ಬರೇ. ಚಿತ್ರದುರ್ಗದ ಡೆಂಟಿಸ್ಟ್ ಒಬ್ಬರ ಹತ್ತಿರ ಕೈಲಿದ್ದದ್ದನ್ನು ಅಡ್ವಾನ್ಸ್ ಕೊಟ್ಟು ಬಾಯಿಯ ಅಳತೆ ಕೊಟ್ಟುಬಂದೆ. ‘ಉಳಿದದ್ದು ಸೆಟ್ ತಗೊಂಡು ಹೋಗುವಾಗ ಕೊಡಿ ಮೇಡಂ’ ಎಂದರು. ಉಳಿದದ್ದು ಎಲ್ಲಿಂದ ಎನ್ನುವುದು ನನಗೂ ಗೊತ್ತಿರಲಿಲ್ಲ. ಆ ವಾರವೇ ನನ್ನ ಹಳೆಯ ವಿದ್ಯಾರ್ಥಿ, ಈಗ ಆ ಶಾಲೆಯ ಸೆಕ್ರೆಟರಿ, ಹೊಸದುರ್ಗದಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿರುವವನು, ಸ್ವೀಟ್ ಬಾಕ್ಸ್ ಹಿಡಿದು ಮನೆಗೆ ಬಂದ.

‘ಮಿಸ್, ಈ ಸಲ ನಿಮಗೆ ಸನ್ಮಾನ. ಬ್ಯಾಡ ಅನ್ನಂಗಿಲ್ಲ. ಹಳೇ ಸ್ಟೂಡೆಂಟ್ಸ್ ವಾಟ್ಸಾಪ್ ಗ್ರೂಪ್‌ನಾಗೆ ಎಲ್ಲಾ ಒಪ್ಪ್ಯಾರೆ. ಹಮ್ಮಿಣಿನೂ ಐತೆ.’

‘ಹಮ್ಮಿಣಿ ಅಂದರೆ ಏನು ಗೊತ್ತೇನೋ ನಿನಗೆ?’

‘ಗೊತ್ತಿಲ್ಲದೆ ಏನ್ ಮಿಸ್. ಕವರು.’

‘ಕವರಲ್ಲವೋ ದಡ್ಡ. ಚೀಲ. ದಾರ ಇರಬೇಕು, ಸೊಂಟಕ್ಕೆ ಕಟ್ಟೋ ಹಾಗಿರಬೇಕು.’

‘ಹಂಗಾದ್ರೆ ನೀವೇ ಹೊಲಿಸಿಬಿಡ್ರಿ ಮಿಸ್, ನಮಗೆಲ್ಲಿ ಗೊತ್ತಾಕೈತೆ.’

ನಾನು ಅಂದೇ, ಅಲ್ಲೇ, ಬಾಯಿಬಿಟ್ಟು ಹೇಳಿದೆ. ಇದನ್ನು ನಾನು ಒತ್ತಿ ಬರೆಯಬೇಕು, ಏಕೆಂದರೆ ಆಮೇಲೆ ಎಲ್ಲರೂ ನಾನು ಹೇಳಲೇ ಇಲ್ಲ ಎನ್ನುವಂತೆ ನಡೆದುಕೊಂಡರು. ‘ನೋಡಪ್ಪ, ಹಮ್ಮಿಣಿ ಕೊಟ್ಟರೆ ನಾನು ಇಟ್ಟುಕೊಳ್ಳೋಳು. ವಾಪಸ್ ಕೊಡೋಳಲ್ಲ. ನನಗೆ ಹಲ್ಲು ಕಟ್ಟಿಸಬೇಕು.’

ಅವನು ತೊಡೆ ತಟ್ಟಿಕೊಂಡು ನಕ್ಕ. ‘ನಮ್ ಮಿಸ್ ಸೆನ್ಸ್ ಆಫ್ ಹ್ಯೂಮರ್ ಇನ್ನೂ ಹಂಗೇ ಐತೆ ನೋಡ್ರಿ!’

ಬಾಗಿಲ ಹತ್ತಿರ ಕೂತು ಸಂಚಿಯಿಂದ ಎಲೆ ತೆಗೆಯುತ್ತಿದ್ದ ನನ್ನ ತಂಗಿ ತಲೆ ಎತ್ತಿದಳು. ‘ಜೋಕಲ್ಲಪ್ಪ. ದಿಟವಾಗೇ ಹೇಳ್ತಾಳೆ ಅವಳು.’

‘ಇಟ್ಕಳ್ಲಿ ಬಿಡ್ರಮ್ಮ, ಅವರದೇ ದುಡ್ಡಲ್ವಾ’ ಎಂದ. ಕಾಲು ಮುಟ್ಟಿ ನಮಸ್ಕಾರ ಮಾಡಿ ಬೈಕ್ ಸ್ಟಾರ್ಟ್ ಮಾಡಿದ.

ಅವರದೇ ದುಡ್ಡು. ಆ ಒಂದು ಮಾತನ್ನು ನಾನು ದಿನಗಟ್ಟಲೆ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದೆ.

ನನ್ನ ತಂಗಿಗೆ ನಂಬಿಕೆಯಿರಲಿಲ್ಲ. ಅವಳ ಸಂಚಿ ಅಂದರೆ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅದರ ಒಳಪದರದಲ್ಲಿ ಮನೆಯ ಎಲ್ಲ ದುಡ್ಡು. ಮಲಗಿದರೂ ಸೊಂಟ ಬಿಟ್ಟು ಹೋಗುವುದಿಲ್ಲ. ನಾವಿಬ್ಬರೂ ಒಂದೇ ತಾತನ ಮೊಮ್ಮಕ್ಕಳು. ಅವಳನ್ನು ಕಾನ್ವೆಂಟಿಗೆ ಹಾಕಲಿಲ್ಲ. ‘ನಿಂಗೆ ಇಂಗ್ಲೀಷ್ ಕೊಡಿಸಿದ್ರು, ನಂಗೆ ಗಂಡನ್ನ ಕೊಡಿಸಿದ್ರು’ ಎಂದು ಅವಳು ಆಗಾಗ ಅನ್ನುವುದುಂಟು. ‘ಎರಡೂ ಕೊನೆವರೆಗೂ ನಡೀಲಿಲ್ಲ’ ಎಂದು ನಾನು ಅಂದರೆ ಇಬ್ಬರಿಗೂ ನಗು ಬರುತ್ತದೆ.

‘ಸ್ಟೇಜ್ ಮ್ಯಾಲೆ ನಿಂತ್ಕಂಡು, ನಾನೇ ಇಟ್ಕಂತೀನಿ ಅಂತ ಹೇಳಾಕೆ ಧೈರ್ಯ ಐತೇನೆ ನಿಂಗೆ?’ ಎಂದಳು.

‘ಆಫ್ ಕೋರ್ಸ್ ಐತೆ.’

‘ನೋಡಾಣ. ನಾಲ್ಕು ಜನ ಚಪ್ಪಾಳೆ ತಟ್ಟಿದ್ರೆ ನೀನು ಉಟ್ಟ ಸೀರೆನೂ ಕೊಟ್ಟು ಬರೋಳು. ಕಾನ್ವೆಂಟ್‌ನಾಗೆ ಅದನ್ನೇ ಕಲ್ಸಿರೋದು ನಿಂಗೆ.’

ಪೇಟೆಯ ದರ್ಜಿ ಸಾಹೇಬರ ಹತ್ತಿರ ಹೋದೆ. ನನಗಿಂತ ಸ್ವಲ್ಪ ಚಿಕ್ಕವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿರುತ್ತಾರೆ. ಹಮ್ಮಿಣಿ ಎಂದ ಕೂಡಲೇ ಮಷಿನ್ ನಿಲ್ಲಿಸಿದರು. ‘ಹಮ್ಯಾನಿ! ನಮ್ಮ ದಾದಾ, ಅಪ್ಪನ ಅಪ್ಪ, ಅನ್ನೋರು ಆ ಮಾತ್ನ. ಕಟ್ಕಂಡಿದ್ದು ನಾನಂತೂ ನೋಡಿಲ್ರೀ. ಒಳಗೆ ಹಾಕಾಕೆ ಏನೂ ಇರ್ಲಿಲ್ಲ, ಅದ್ಕೇ ಕಟ್ತಿರ್ಲಿಲ್ಲೇನೋ.’

‘ಉದ್ದಕ್ಕೆ ದಾರ ಬಿಡಿ ಸಾಹೇಬರೇ.’

‘ಜಿಪ್ ಹಾಕ್ಲಾ ಅಮ್ಮಾ? ಈಗ ಎಲ್ಲಾ ಜಿಪ್ಪೇ ಕೇಳ್ತಾರೆ.’

‘ಹಮ್ಮಿಣಿಗೆ ಜಿಪ್ಪೇ?’

‘ಅಲ್ಲಾ, ಕಳ್ಳರಿಗೂ ಈಗ ಗಂಟು ಬಿಚ್ಚಾಕೆ ಪುರುಸೊತ್ತಿಲ್ಲ, ಅದ್ಕೇ ಕೇಳ್ದೆ.’

ಕೆಂಪು ವೆಲ್ವೆಟ್, ಸುತ್ತ ಜರಿ ಲೇಸು. ಹೊಲಿಗೆಯ ಕೂಲಿಯನ್ನು ನಾನೇ ಕೊಟ್ಟೆ. ಆದರೆ ಸೆಕ್ರೆಟರಿಗೆ ಕಳಿಸಿಕೊಡಲೆಂದು ತರಲು ಹೋದಾಗ ದಾರ ಗೇಣುದ್ದ ಮಾತ್ರ ಉಳಿದಿತ್ತು. ಯಾಕೆ ಎಂದು ಕೇಳಿದೆ. ‘ಸೆಕ್ರೆಟ್ರಿ ಫೋನ್ ಮಾಡಿದ್ರು. ಉದ್ದ ದಾರ ತಟ್ಟೆ ಮ್ಯಾಲೆ ಜೋತಾಡಿದ್ರೆ ಫೋಟೋದಾಗೆ ಚೆನ್ನಾಗಿ ಬರಲ್ಲಂತೆ.’ ನಾನು ಕತ್ತರಿಸಿದ ದಾರದ ತುಂಡನ್ನು ಕೇಳಿದೆ. ಅವರು ನೆಲದ ಮೇಲಿನ ಚಿಂದಿಯಲ್ಲಿ ಹುಡುಕಿದರು, ಸಿಗಲಿಲ್ಲ.

ಸಮಾರಂಭದ ಬೆಳಿಗ್ಗೆ ಕಾರು ಬಂತು. ಹೊಸದುರ್ಗದ ದಾರಿಯ ತೆಂಗಿನ ತೋಟಗಳು ನನಗೆ ಬೇಸರ ತರುವಷ್ಟು ಪರಿಚಿತ. ಎಷ್ಟೋ ವರ್ಷ ಅದೇ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ನೋಟ್ಸ್ ಕರೆಕ್ಷನ್ ಮಾಡಿದ್ದೇನೆ. ಶಾಲೆಯ ಮುಂದೆ ಇಳಿದಾಗ ಹಳೆಯ ಕಬ್ಬಿಣದ ಗೇಟು ಇರಲಿಲ್ಲ. ಅದರ ಜಾಗದಲ್ಲಿ ದೊಡ್ಡ ಕಮಾನು, ಎರಡು ಕಂಬ, ಮೇಲೆ ಆನೆ ತಲೆಗಳು. ಸುಣ್ಣಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಂಬದ ಮೇಲೆ ಒಂದು ಪರದೆ. ‘ಮಿಸ್, ಸ್ಟೇಜಿಗೆ ಹೋಗೋ ಮುಂಚೆ ಇದೊಂದು ದಾರ ಎಳೀರಿ’ ಎಂದು ಸೆಕ್ರೆಟರಿ ನನ್ನ ಕೈಗೆ ದಾರ ಕೊಟ್ಟ.

ಎಳೆದೆ. ಕಪ್ಪು ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ. ನನ್ನ ಹೆಸರು, ಡಿಗ್ರಿ, ಆಮೇಲೆ ಹೀಗಿತ್ತು: ತಮ್ಮ ಸನ್ಮಾನದ ಹಮ್ಮಿಣಿಯನ್ನು ಸಂಸ್ಥೆಗೇ ಅರ್ಪಿಸಿದ ಇವರ ಉದಾರ ನೆರವಿನಿಂದ ಈ ಮಹಾದ್ವಾರವು ನಿರ್ಮಾಣಗೊಂಡಿತು.

ತುಂಬಿದ ಹಮ್ಮಿಣಿಯನ್ನು ನಾನಿನ್ನೂ ಕೈಯಿಂದ ಮುಟ್ಟಿರಲಿಲ್ಲ. ಅದು ಒಳಗೆ ಸ್ಟೇಜಿನ ಮೇಲೆ ತಟ್ಟೆಯಲ್ಲಿತ್ತು. ನಾನು ಕೊಡುವುದಿಲ್ಲ ಎಂದು ಹೇಳಿದ್ದನ್ನು ಕೊಟ್ಟಿದ್ದಾಯಿತು ಎಂದು ಕಲ್ಲಿನಲ್ಲಿ ಕೊರೆದಿದ್ದರು. ಸುತ್ತ ಚಪ್ಪಾಳೆ. ಯಾರೋ ಹೂವು ಎರಚಿದರು. ಒಂದು ಎಸಳು ಬಾಯಿಗೆ ಬಂತು, ಉಗುಳುವುದಕ್ಕೂ ಹಲ್ಲು ಬೇಕು ಎಂದು ಆಗ ತಿಳಿಯಿತು.

‘ಏನೋ ಇದು?’ ಎಂದೆ ಸೆಕ್ರೆಟರಿಯ ಕಿವಿಯಲ್ಲಿ.

‘ಸರ್ಪ್ರೈಸ್ ಮಿಸ್!’

ಅವನ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. ಕಪಟವಿದ್ದಿದ್ದರೆ ಬೈದು ಹಗುರಾಗಬಹುದಿತ್ತು.

ಸ್ಟೇಜಿನ ಮೇಲೆ ಶಾಲು ಹೊದಿಸಿದರು, ಪೇಟ ಇಟ್ಟರು, ಹಾರ ಹಾಕಿದರು. ಎಲ್ಲ ಮುಗಿದ ಮೇಲೆ ತಟ್ಟೆ ಬಂತು. ಹಮ್ಮಿಣಿಯನ್ನು ಕೈಗೆ ತೆಗೆದುಕೊಂಡೆ. ವೆಲ್ವೆಟ್ಟು ದಪ್ಪ, ಮೇಲಿಂದ ಏನೂ ತಿಳಿಯಲಿಲ್ಲ. ಹಣೆಗೆ ಮುಟ್ಟಿಸಲಿಲ್ಲ. ಮೈಕಿನ ಮುಂದೆ ಹೋಗಿ ನಿಂತೆ. ನನ್ನ ತಾತನ ಕಥೆ ಹೇಳಿದೆ, ಸೊಂಟದ ಸುತ್ತ ಬಿದ್ದ ಅಚ್ಚಿನ ಕಥೆ. ಹಮ್ಮಿಣಿ ಎಂದರೆ ಕಟ್ಟಿಕೊಳ್ಳುವ ವಸ್ತು, ತೋರಿಸುವ ವಸ್ತುವಲ್ಲ ಎಂದೆ. ಆಮೇಲೆ ನಿಧಾನವಾಗಿ, ಡಿಕ್ಟೇಶನ್ ಕೊಡುವ ಹಾಗೆ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದೆ: ‘ನನಗೆ ಪೆನ್ಶನ್ ಇಲ್ಲ. ಹಲ್ಲು ಇಲ್ಲ. ಇದನ್ನು ನಾನು ವಾಪಸ್ ಕೊಡುವುದಿಲ್ಲ. ಮನೆಗೆ ತೆಗೆದುಕೊಂಡು ಹೋಗಿ ಹಲ್ಲು ಕಟ್ಟಿಸುತ್ತೇನೆ.’

ಇಡೀ ಪೆಂಡಾಲು ನಕ್ಕಿತು. ಪ್ರೀತಿಯ ನಗುವೇ ಅದು. ನನ್ನ ಹಳೆಯ ಹುಡುಗಿಯರು, ಈಗ ಅಜ್ಜಿಯರಾಗುವ ವಯಸ್ಸಿನವರು, ಕಣ್ಣೊರೆಸಿಕೊಂಡು ನಕ್ಕರು. ‘ಮಿಸ್ ಸೂಪರ್!’ ಎಂದು ಹಿಂದಿನಿಂದ ಯಾರೋ ಕೂಗಿದರು. ನಾನು ಜೀವನದಲ್ಲಿ ಮೊದಲ ಸಲ ಜನರ ಮುಂದೆ ಏನನ್ನೋ ಬೇಡಿದ್ದೆ, ಅವರು ಅದಕ್ಕೆ ಒನ್ಸ್ ಮೋರ್ ಎಂದರು.

ನಿರೂಪಕ ಪಳಗಿದ ಆಸಾಮಿ. ಮದುವೆ, ಸನ್ಮಾನ, ಶ್ರದ್ಧಾಂಜಲಿ ಎಲ್ಲಕ್ಕೂ ಅವನದೇ ಕಂಠ. ನಗು ಇಳಿಯುತ್ತಿದ್ದ ಹಾಗೇ ಇನ್ನೊಂದು ಮೈಕ್ ಎತ್ತಿಕೊಂಡ. ‘ಎಂಥ ಹಾಸ್ಯ ಪ್ರಜ್ಞೆ! ಎಂಥ ನಿರ್ಲಿಪ್ತತೆ! ಬಂಧುಗಳೇ, ನಮ್ಮ ಮಿಸ್ ಈ ಹಮ್ಮಿಣಿಯನ್ನು ತಾವು ದುಡಿದ ಸಂಸ್ಥೆಗೇ ಸಮರ್ಪಿಸುತ್ತಿದ್ದಾರೆ. ಜೋರಾದ ಚಪ್ಪಾಳೆ ಬರಲಿ!’

ಬಂತು. ಸೆಕ್ರೆಟರಿ ನನ್ನ ಮುಂದೆ ಬಾಗಿ ಎರಡೂ ಕೈ ಚಾಚಿದ. ನಾನು ಕೊಡಲಿಲ್ಲ. ಅವನು ಚೀಲದ ಆ ಕಡೆ ಹಿಡಿದ, ನಾನು ಈ ಕಡೆ ಹಿಡಿದೆ. ‘ಬಿಡೋ’ ಎಂದೆ. ‘ಮಿಸ್, ಕ್ಯಾಮೆರಾ ಕಡೆ ನೋಡ್ರಿ’ ಎಂದ ನಗುತ್ತಲೇ. ಎಳೆದೆ. ಅವನೂ ಮೆಲ್ಲಗೆ ಎಳೆದ, ವಯಸ್ಸಾದವರ ಕೈಯಿಂದ ಭಾರ ಇಳಿಸಿಕೊಳ್ಳುವವನ ಹಾಗೆ. ಆ ಎಳೆದಾಟದಲ್ಲಿ ನನ್ನ ಬೆರಳುಗಳು ವೆಲ್ವೆಟ್ಟನ್ನು ಒತ್ತಿದವು. ಒಳಗಿದ್ದದ್ದು ಸುಕ್ಕಾಯಿತು, ಮುದುಡಿತು, ಸದ್ದು ಮಾಡಿತು. ಸಾವಿರಾರು ಆನ್ಸರ್ ಪೇಪರ್ ತಿರುವಿದ ಕೈ ಇದು. ನೋಟಿನ ಕಂತೆ ಹಾಗೆ ಮುದುಡುವುದಿಲ್ಲ. ಒಳಗೆ ಇದ್ದದ್ದು ಹಳೆಯ ನ್ಯೂಸ್‌ಪೇಪರು.

ಮುಂದಿನ ಸಾಲಿನಲ್ಲಿ ಪುಟ್ಟ ಹುಡುಗಿಯರು ಸ್ವಾಗತಗೀತೆ ಹಾಡಿ ಮುಗಿಸಿ, ಕೆನ್ನೆಗೆ ರೋಸು ಬಳಿದುಕೊಂಡು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ಈ ಎಳೆದಾಟದಲ್ಲಿ ನಾನು ಗೆದ್ದರೂ ಮನೆಗೆ ಒಯ್ಯುವುದು ರದ್ದಿ. ಅಲ್ಲೇ ಬಿಚ್ಚಿ ತೋರಿಸಬಹುದಿತ್ತು. ಬಿಚ್ಚಿದರೆ ಜನ ಇನ್ನೊಂದು ಸಲ ನಗುತ್ತಿದ್ದರು ಅಥವಾ ಅಳುತ್ತಿದ್ದರು, ಎರಡನ್ನೂ ನೋಡುವ ಶಕ್ತಿ ನನಗಿರಲಿಲ್ಲ. ಬಿಟ್ಟೆ.

ಫೋಟೋ ಚೆನ್ನಾಗಿ ಬಂದಿದೆ. ಇಬ್ಬರೂ ಚೀಲ ಹಿಡಿದಿದ್ದೇವೆ, ನಾನು ಕೊಡುತ್ತಿದ್ದೇನೆ, ಅವನು ವಿನಯದಿಂದ ಪಡೆಯುತ್ತಿದ್ದಾನೆ. ಲೋಕಲ್ ಪೇಪರಿನವರು ಮೂರನೆಯ ಪುಟದಲ್ಲಿ ಹಾಕಿದ್ದರು.

ವಾಪಸ್ ಕರೆದುಕೊಂಡು ಬರುವಾಗ ಕಾರು ಅವನೇ ಓಡಿಸಿದ. ನಾನು ಕೇಳಿಯೇಬಿಟ್ಟೆ. ‘ದುಡ್ಡು ಎಲ್ಲಿ ಹೋಯಿತು?’

‘ಗೇಟಿಗೆ ಮಿಸ್’ ಎಂದ, ನಾನು ಅಷ್ಟೂ ಗೊತ್ತಿಲ್ಲದೆ ಕೇಳುತ್ತಿದ್ದೇನೆ ಎಂಬ ಹಾಗೆ. ‘ಗ್ರೂಪ್‌ನಾಗೆ ಎಲ್ಲಾ ಫೋನ್‌ಪೇ ಮಾಡಿದ್ರು. ಹೆಂಗೂ ನೀವು ಅಲ್ಲೇ ವಾಪಸ್ ಕೊಡೋರು. ಆಮ್ಯಾಲೆ ಕಟ್ಸೋ ಬದ್ಲು ಮೊದ್ಲೇ ಕಟ್ಸಿದ್ರೆ ನಿಮ್ ಕೈಲೇ ಓಪನಿಂಗ್ ಮಾಡಿಸ್ಬೋದು ಅಂತ. ಸಿಮೆಂಟು ನಮ್ ಅಂಗ್ಡಿದೇ, ಅಸಲು ರೇಟಿಗೇ ಕೊಟ್ಟೀನಿ.’

‘ಇಟ್ಟುಕೊಳ್ತೀನಿ ಅಂತ ನಿನಗೆ ಹೇಳಿದ್ದೆ.’

‘ಎಲ್ರೂ ಅಂಗೇ ಅಂತಾರೆ ಮಿಸ್ ತಮಾಷಿಗೆ’ ಎಂದು ಗೇರ್ ಬದಲಿಸಿದ. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿರಬೇಕು. ‘ಬ್ಯಾಜಾರಾತಾ ಮಿಸ್? ನಿಮ್ ಹೆಸ್ರು ಕಲ್ಲಿನಾಗೆ ಐತೆ. ನಾವೆಲ್ಲಾ ಸತ್ತೋದ್ರೂ ಇರ್ತತಿ.’

ಅವನು ಒಳ್ಳೆಯ ಹುಡುಗ. ಅವನಿಗೆ ನಾನೇ ಹೇಳಿಕೊಟ್ಟದ್ದು, ಫ್ಯೂಚರ್ ಟೆನ್ಸ್ ಎಂದರೇನು, ಪಾಸ್ಟ್ ಟೆನ್ಸ್ ಎಂದರೇನು. ಏನು ಪ್ರಯೋಜನ.

ತಂಗಿ ಬಾಗಿಲಲ್ಲೇ ಕೂತಿದ್ದಳು. ನನ್ನ ಕೈ ನೋಡಿದಳು, ಶಾಲು ನೋಡಿದಳು, ಹಣ್ಣಿನ ಬುಟ್ಟಿ ನೋಡಿದಳು.

‘ಕೊಟ್ಟು ಬಂದ್ಯಲ್ಲೇ.’

ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಅಗಿಯುವುದನ್ನು ನಿಲ್ಲಿಸಿದಳು.

‘ಅಲ್ಲೇ ಬಿಚ್ಚಿ ಸುರೀಬೇಕಿತ್ತು ಕಣೇ ಪೇಪರ್‌ನ! ಅವ್ನ ತಲೆ ಮ್ಯಾಲೆ ಸುರೀಬೇಕಿತ್ತು. ನಾನಾಗಿದ್ರೆ ಆ ಕಮಾನಿನ ಆನೆ ಸೊಂಡ್ಲು ಮುರ್ದು ಬರ್ತಿದ್ದೆ.’

‘ಮಕ್ಕಳಿದ್ದವು.’

‘ಮಕ್ಳು! ಮಕ್ಳಿಗೆ ಗೊತ್ತಾಗ್ಬೇಕು ಮೊದ್ಲು.’ ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೆ ಕರೆದಾಗ ಮಾತ್ರ ಒಂದು ಮಾತು ಆಡಿದಳು. ‘ಮುದ್ದೆ ಐತೆ, ನುಂಗು. ಅದ್ಕೇನೂ ಹಲ್ಲು ಬ್ಯಾಡ.’ ಅವಳ ಕೋಪ ಯಾರ ಮೇಲೆ ಎಂದು ಅವಳಿಗೂ ಗೊತ್ತಿರಲಿಲ್ಲ. ಸಂಚಿಯ ಗಂಟನ್ನು ಆ ದಿನ ಎರಡು ಸಲ ಬಿಗಿದಳು.

ವಾಟ್ಸಾಪಿನಲ್ಲಿ ಆ ಫೋಟೋ ಹೊಳಲ್ಕೆರೆಗೂ ಬಂತು. ಹಾಲಿನವನು ಕೈ ಮುಗಿದ. ಮೆಡಿಕಲ್ ಶಾಪಿನವರು ಎದ್ದು ನಿಂತರು. ಆ ವಾರ ಪಕ್ಕದ ಬೀದಿಯ ಅಕ್ಕ-ತಮ್ಮನ ತಾಯಿ ಬಂದು, ಮಕ್ಕಳನ್ನು ಮುಂದೆ ನಿಲ್ಲಿಸಿ, ‘ಅಜ್ಜಿ ಕಾಲಿಗೆ ಬೀಳ್ರಿ’ ಎಂದಳು. ಬಿದ್ದವು. ಆಮೇಲೆ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು. ‘ಈ ತಿಂಗ್ಳಿಂದ ಫೀಸ್ ಕೊಡಾಕೆ ಸ್ವಲ್ಪ ಕಷ್ಟ ಐತ್ರಿ ಮಿಸ್. ಅಂಥಾ ಗೇಟೇ ಕಟ್ಸಿಕೊಟ್ಟೋರು ನೀವು. ನಮ್ ಮಕ್ಳದೇನು ದೊಡ್ಡದು ನಿಮಗೆ.’

ಆ ಗೇಟು ನಾನು ಕಟ್ಟಿಸಿದ್ದಲ್ಲ ಎಂದರೆ ಕಲ್ಲು ಸುಳ್ಳು ಹೇಳುತ್ತದೆಯೇ ಎನ್ನುತ್ತಿದ್ದಳು. ‘ಬರಲಿ ಬಿಡಮ್ಮ’ ಎಂದೆ. ಅವಳು ಹೋದ ಮೇಲೆ ಒಳಗಿನಿಂದ ತಂಗಿಯ ದನಿ ಕೇಳಿಸಿತು. ‘ಸೀರೆ ಇನ್ನೂ ಮೈ ಮ್ಯಾಲೆ ಐತಾ ನೋಡ್ಕೋ.’

ಡೆಂಟಿಸ್ಟ್ ಫೋನ್ ಮಾಡಿದರು, ಸೆಟ್ ರೆಡಿ ಐತೆ, ಬಂದು ಹಾಕಿ ನೋಡಿ ಎಂದು. ಹೋಗಬಾರದು ಎಂದುಕೊಂಡೇ ಚಿತ್ರದುರ್ಗದ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವರಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿದ್ದುತ್ತಿದ್ದೆ. ತಿಂಗಳಿಗೆ ಸ್ವಲ್ಪ ಸ್ವಲ್ಪ ಕೊಡುತ್ತೇನೆ, ಹಲ್ಲು ಬಂದರೆ ಮಕ್ಕಳು ಬರುತ್ತಾರೆ, ಮಕ್ಕಳು ಬಂದರೆ ನಿಮ್ಮ ದುಡ್ಡು ಬರುತ್ತದೆ. ವೆರಿ ಲಾಜಿಕಲ್.

ಅವರು ನನ್ನನ್ನು ಕಂಡ ಕೂಡಲೇ ಕೈ ತೊಳೆದುಕೊಂಡು ಬಂದರು. ‘ಬರ್ರಿ ಮೇಡಂ, ಕುಂತ್ಕಳ್ರಿ. ನೋಡ್ದೆ ಪೇಪರ್‌ನಾಗೆ. ನಮ್ ಮನೆಯವ್ರಿಗೂ ತೋರಿಸ್ದೆ, ಇವ್ರು ನಮ್ ಪೇಷೆಂಟು ಅಂತ.’

ಚೇರಿನಲ್ಲಿ ಒರಗಿದೆ. ಮೇಲಿನದನ್ನು ಒತ್ತಿ ಕೂರಿಸಿದರು, ಆಮೇಲೆ ಕೆಳಗಿನದು. ಬಾಯಿ ತುಂಬಿತು. ತಣ್ಣಗೆ, ಯಾರದೋ ಮನೆಗೆ ಹೋದ ಹಾಗೆ. ಕೈಗನ್ನಡಿ ಕೊಟ್ಟರು. ತುಟಿ ಹೊರಕ್ಕೆ ಬಂದಿತ್ತು, ಕೆನ್ನೆ ಏರಿತ್ತು, ಶಾಲೆ ಬಿಟ್ಟ ವರ್ಷದ ಹೆಂಗಸು ಕನ್ನಡಿಯಲ್ಲಿ ಕೂತಿದ್ದಳು.

‘ಏನಾದ್ರೂ ಮಾತಾಡ್ರಿ, ಕೇಳಾಣ.’

‘ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ’ ಎಂದೆ. ಗಾಳಿ ಹೋಗಲಿಲ್ಲ. ಒಂದೊಂದು ಅಕ್ಷರವೂ ತನ್ನ ಜಾಗದಲ್ಲಿ ನಿಂತಿತು. ಆಮೇಲೆ ಅವರು ಕೇಳದಿದ್ದರೂ ‘ದಿಸ್, ದಟ್, ದೀಸ್, ದೋಸ್’ ಎಂದೆ. ನಾಲಗೆಯ ತುದಿ ಹಲ್ಲಿಗೆ ತಾಗಿತು. ಎಷ್ಟು ತಿಂಗಳಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಒಂದು ಹೆಣ್ಣುಮಗು ತಿರುಗಿ ನನ್ನ ಬಾಯಿಯನ್ನೇ ನೋಡಿತು, ತಾನೂ ನಾಲಗೆ ಕಚ್ಚಿ ‘ದಿಸ್’ ಎಂದಿತು.

‘ಪರ್ಫೆಕ್ಟ್’ ಎಂದರು ಡೆಂಟಿಸ್ಟ್.

ನಾನು ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. ತಿಂಗಳಿಗೆ ಸ್ವಲ್ಪ ಸ್ವಲ್ಪ. ಅವರು ಮೊದಲು ಅರ್ಥವಾಗದವರಂತೆ ನೋಡಿ, ಆಮೇಲೆ ಜೋರಾಗಿ ನಕ್ಕರು. ‘ಮೇಡಂ, ಶಾಲೆಗೆ ಮಹಾದ್ವಾರ ಕಟ್ಸೋರು ನಮ್ಮಂಥೋರ ಹತ್ರ ಇನ್‌ಸ್ಟಾಲ್‌ಮೆಂಟಾ? ಅರ್ಜೆಂಟೇನಿಲ್ಲ ಬಿಡ್ರಿ. ಇಲ್ಲೇ ಇರ್ಲಿ, ದುಡ್ಡು ತಂದಾಗ ತಗಂಡ್ ಹೋಗ್ರಿ. ಒಂದೇ ಮಾತು, ಬಾಳ ದಿನ ಬಿಡಬ್ಯಾಡ್ರಿ. ಒಸಡು ಇಳೀತಾ ಹೋಗ್ತತಿ, ಆಮ್ಯಾಲೆ ಈ ಅಳತೆ ಕೂರಲ್ಲ.’

ಅದು ನನ್ನ ಹಮ್ಮಿಣಿಯಲ್ಲ, ಆ ಗೇಟು ನನ್ನದಲ್ಲ ಎಂದು ಹೇಳಲು ಬಾಯಿ ತೆರೆದೆ. ಹೊಸ ಹಲ್ಲಿನಲ್ಲಿ ಎಷ್ಟು ಸ್ಪಷ್ಟವಾಗಿ ಹೇಳಬಹುದಿತ್ತು. ಆದರೆ ಅವರು ಆಗಲೇ ಒಂದು ನೀಲಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಿದ್ದರು. ಬಾಗಿಲ ಹತ್ತಿರ ಆ ಮಗು ಇನ್ನೂ ನೋಡುತ್ತಿತ್ತು. ನಾನು ಅದಕ್ಕೆ ಬೆನ್ನು ಮಾಡಿ, ಕೆಳಗಿನದನ್ನು ಮೊದಲು, ಮೇಲಿನದನ್ನು ಆಮೇಲೆ ತೆಗೆದು, ನಲ್ಲಿಯಲ್ಲಿ ತೊಳೆದು, ಅವರ ಡಬ್ಬಿಗೆ ಹಾಕಿದೆ.